ಬಾಣಂತಿಯ ಕೋಣೆಗೆಂದು ಎತ್ತಿಟ್ಟ ಸೊಳ್ಳೆಪರದೆ

ಕಳೆದ ವರ್ಷ ಶ್ರಾವಣ ಮಾಸದ ಪ್ರವಚನ ನಡೆದಿದ್ದ ದಿನಗಳಲ್ಲಿ ಶ್ರೀಮಠದ ಆವರಣದಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನು ಏರ್ಪಡಿಸಲಾಗಿತ್ತು. ಒಂದು ಸಂಜೆ ದಾಸೋಹದ ಪಂಕ್ತಿ ಏಳುವ ಹೊತ್ತಿಗೆ ಒಬ್ಬ ತಾಯಿ ತನ್ನ ಮಗಳ ಕೈಹಿಡಿದು ನಮ್ಮ ಬಳಿಗೆ ಕರೆತಂದಳು. ಇಪ್ಪತ್ತೊಂದರ ಹರೆಯದ ಚೊಚ್ಚಲ ಬಸುರಿ. ಐದು ತಿಂಗಳು ತುಂಬಿದ್ದವು. ಗಂಡನೊಡನೆ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದವಳು ಪಂಚಮಿಯ ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಬಂದ ನಾಲ್ಕನೆಯ ದಿನದಿಂದ ದಿನ ಬಿಟ್ಟು ದಿನ ಜ್ವರ. ಮೊದಲು ಚಳಿ, ಬಳಿಕ ಉರಿ, ಕೊನೆಗೆ ಮೈತುಂಬ ಬೆವರು. ಮರುದಿನ ಏನೂ ಆಗಿಲ್ಲವೆಂಬಂತೆ ಎದ್ದು ಓಡಾಡುತ್ತಿದ್ದಳಂತೆ. ಅಂಗಡಿಯಿಂದ ತಂದ ಜ್ವರದ ಮಾತ್ರೆಯಲ್ಲಿಯೇ ಹತ್ತು ದಿನ ಕಳೆದಿದ್ದವು. ಬಸುರಿಯರಿಗೆ ಇಂಥ ಸಂಕಟ ಇದ್ದದ್ದೇ ಎಂದು ಮನೆಯ ಹಿರಿಯರು ಸಮಾಧಾನ ಹೇಳಿದ್ದರು.

ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಾಗ ಕೆಂಪು ಎಂಬುದೇ ಇರಲಿಲ್ಲ. ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಿಸಿದಾಗ ಮಲೇರಿಯಾ ಎಂಬುದು ಕಾಲು ಗಂಟೆಯಲ್ಲಿ ತಿಳಿಯಿತು. ಸುದ್ದಿ ಕೇಳಿದ ತಾಯಿ ಒಂದು ಗಳಿಗೆ ಸುಮ್ಮನಿದ್ದು, "ಅಕಿಗೆಂತನ ಕಾರಹುಣ್ಣಿವಿ ಸಂತ್ಯಾಗ ಹೊಸಾ ಮಚ್ಛರದಾನಿ ತಂದೇನ್ರಿ. ಬಾಣಂತಿ ಖೋಲ್ಯಾಗ ಕೂಸಿಗೆ ಕಟ್ಟಬೇಕಂತ ಟ್ರಂಕಿನ್ಯಾಗ ತಗದು ಇಟ್ಟೇನ್ರಿ" ಎಂದಳು.

ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಪರದೆ ಇತ್ತು, ಪ್ರೀತಿಯಿಂದಲೇ ಕೊಂಡದ್ದಾಗಿತ್ತು. ಆದರೆ ಅದು ಹುಟ್ಟಲಿರುವ ಕೂಸಿಗೆಂದು ಪೆಟ್ಟಿಗೆಯಲ್ಲಿ ಮಡಚಿಕೊಂಡಿತ್ತು; ಕೂಸನ್ನು ಹೊತ್ತವಳು ಮಂಗಳೂರಿನ ತಗಡಿನ ಶೆಡ್ಡಿನಲ್ಲಿ ಪರದೆಯಿಲ್ಲದೆ ಮಲಗಿದ್ದಳು. ಇಂದು ಆ ಒಂದು ಸಂಗತಿಯನ್ನೇ ಸದ್ಭಕ್ತರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಸೊಳ್ಳೆಪರದೆಯ ಅಗತ್ಯ ಹೆರಿಗೆಯಾದ ಮೇಲೆ ಆರಂಭವಾಗುವುದಿಲ್ಲ; ಬಸುರು ನಿಂತಿತೆಂದು ತಿಳಿದ ರಾತ್ರಿಯಿಂದಲೇ ಆರಂಭವಾಗುತ್ತದೆ.

ಮಲೇರಿಯಾ ಹರಡುವ ಬಗೆ

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಜಗತ್ತು ಬಹುಕಾಲ ನಂಬಿತ್ತು. ಇಟಲಿಯ ಭಾಷೆಯಿಂದ ಬಂದ ಆ ಹೆಸರಿಗೂ 'ಕೆಟ್ಟ ಗಾಳಿ' ಎಂದೇ ಅರ್ಥ. ೧೮೯೭ರ ಆಗಸ್ಟ್ ೨೦ರಂದು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಅವರು ರೋಗಿಯ ರಕ್ತ ಕುಡಿದ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ಈ ಶೋಧನೆಗಾಗಿ ೧೯೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಗಾಳಿಯ ಮೇಲಿದ್ದ ಅಪವಾದ ಅಂದಿಗೆ ನೀಗಿತು.

ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಮಾತ್ರ ಈ ರೋಗವನ್ನು ಹರಡುತ್ತದೆ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಮಲೇರಿಯಾ ಪೀಡಿತನನ್ನು ಕಚ್ಚಿದಾಗ ರೋಗಾಣು ಸೊಳ್ಳೆಯ ಹೊಟ್ಟೆಯನ್ನು ಸೇರಿ, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬೆಳೆದು ಅದರ ಜೊಲ್ಲಿಗೆ ಇಳಿಯುತ್ತದೆ. ಮುಂದೆ ಆ ಸೊಳ್ಳೆ ಯಾರನ್ನು ಕಚ್ಚಿದರೂ ರೋಗವನ್ನು ದಾಟಿಸುತ್ತದೆ. ಆದ್ದರಿಂದ ಒಂದು ಮನೆಯಲ್ಲಿ ಒಬ್ಬರಿಗೆ ಮಲೇರಿಯಾ ಇದ್ದು ಚಿಕಿತ್ಸೆಯಾಗದಿದ್ದರೆ ಅದೇ ಮನೆಯ ಬಸುರಿ ಮೊದಲು ಅಪಾಯಕ್ಕೆ ಒಳಗಾಗುತ್ತಾಳೆ.

ಈ ಸೊಳ್ಳೆ ಸಂಜೆಗತ್ತಲಿನಿಂದ ನಸುಕಿನವರೆಗೆ ಕಚ್ಚುತ್ತದೆ. ಡೆಂಗಿ ಹರಡುವ ಸೊಳ್ಳೆ ಹಗಲಿನದು, ಇದು ರಾತ್ರಿಯದು. ಮಲಗಿದವರ ಮೇಲೆ ಕಟ್ಟುವ ಸಾಮಾನ್ಯ ಬಟ್ಟೆಯ ಪರದೆಯೊಂದು ಇಷ್ಟು ದೊಡ್ಡ ರೋಗಕ್ಕೆ ಅಡ್ಡ ನಿಲ್ಲಬಲ್ಲುದು ಇದೇ ಕಾರಣದಿಂದ. ವೈರಿ ಬರುವ ಹೊತ್ತು ನಮಗೆ ತಿಳಿದಿದೆ.

ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಬಗೆಯ ಮಲೇರಿಯಾ ಇದೆ. ವೈವಾಕ್ಸ್ ಎಂಬುದು ಯಕೃತ್ತಿನಲ್ಲಿ ಅಡಗಿ ಕುಳಿತು, ವಾಸಿಯಾಯಿತೆಂದುಕೊಂಡ ವಾರಗಳ ಅಥವಾ ತಿಂಗಳುಗಳ ಮೇಲೆ ಮರುಕಳಿಸಬಲ್ಲುದು. ಫಾಲ್ಸಿಪಾರಂ ಎಂಬುದು ಮೆದುಳು, ಮೂತ್ರಪಿಂಡ, ಶ್ವಾಸಕೋಶಗಳನ್ನು ಹಿಡಿದು ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲುದು. ಬಸುರಿಯರ ಪಾಲಿಗೆ ಎರಡೂ ಕೇಡೇ.

ಬಸುರಿಯರಿಗೆ ಹೆಚ್ಚಿನ ಭಯವೇಕೆ?

ಒಂದೇ ಮನೆಯಲ್ಲಿ ಹತ್ತು ಜನ ಮಲಗಿದ್ದರೂ ಸೊಳ್ಳೆ ಬಸುರಿಯನ್ನೇ ಹುಡುಕಿಕೊಂಡು ಹೋಗುತ್ತದೆಂದು ಹಿರಿಯ ಹೆಣ್ಣುಮಕ್ಕಳು ಹೇಳುವುದುಂಟು. ಇದು ಬರಿಯ ಮಾತಲ್ಲ. ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ನಡೆದು ೨೦೦೦ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿಯರು ಮಲಗಿದ್ದ ಗುಡಿಸಲುಗಳಿಗೆ ಇತರ ಹೆಂಗಸರು ಮಲಗಿದ್ದ ಗುಡಿಸಲುಗಳಿಗಿಂತ ಸುಮಾರು ಎರಡು ಪಟ್ಟು ಮಲೇರಿಯಾ ಸೊಳ್ಳೆಗಳು ಬಂದದ್ದು ಕಂಡುಬಂದಿತು. ಬಸುರಿಯ ಉಸಿರು ಹೆಚ್ಚು, ಮೈಯ ಬಿಸಿಯೂ ತುಸು ಹೆಚ್ಚು. ಇವೆರಡರ ಜಾಡು ಹಿಡಿದು ಸೊಳ್ಳೆ ಬರುತ್ತದೆ. ರಾತ್ರಿ ಮೂತ್ರಕ್ಕೆಂದು ಎರಡು ಮೂರು ಸಲ ಎದ್ದು ಹೊರಗೆ ಹೋಗಬೇಕಾಗುವುದೂ ಕಡಿತಕ್ಕೆ ಅವಕಾಶ ಕೊಡುತ್ತದೆ.

ಎರಡನೆಯ ಕಾರಣ ದೇಹದ ಒಳಗಿನದು. ತಾಯಿಯ ದೇಹವು ಗರ್ಭದ ಕೂಸನ್ನು ಪರಕೀಯವೆಂದು ತಳ್ಳದಿರಲೆಂದು ಪ್ರಕೃತಿಯು ಆಕೆಯ ರೋಗನಿರೋಧಕ ಶಕ್ತಿಯ ರೀತಿಯನ್ನೇ ಬದಲಿಸುತ್ತದೆ. ಕೂಸಿಗಾಗಿ ಮಾಡಿದ ಈ ಸಡಿಲಿಕೆಯಲ್ಲಿ ಮಲೇರಿಯಾದ ರೋಗಾಣುವಿಗೂ ದಾರಿಯಾಗುತ್ತದೆ. ಇತರ ಹೆಂಗಸರಿಗಿಂತ ಬಸುರಿಯರಲ್ಲಿ ಮಲೇರಿಯಾ ತೀವ್ರ ಸ್ವರೂಪಕ್ಕೆ ಹೋಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು ವೈದ್ಯಲೋಕ ಎಚ್ಚರಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ತಾಯಿಯ ರಕ್ತದಿಂದ ಕೂಸಿಗೆ ಅನ್ನವನ್ನೂ ಉಸಿರನ್ನೂ ಸಾಗಿಸುವ ಅಂಗವೇ ಮಾಸು, ಅಂದರೆ ಜರಾಯು. ಫಾಲ್ಸಿಪಾರಂ ಹೊಕ್ಕ ಕೆಂಪು ರಕ್ತಕಣಗಳು ಈ ಮಾಸಿನ ಗೋಡೆಗೆ ಅಂಟಿಕೊಂಡು ಗುಂಪುಗೂಡುತ್ತವೆ. ಹರಿಯುವ ಕಾಲುವೆಗೆ ಹೂಳು ತುಂಬಿದಂತೆ ಕೂಸಿನ ಕಡೆಗೆ ಹೋಗುವ ಆಹಾರ ಕುಗ್ಗುತ್ತದೆ. ಬೆರಳಿನಿಂದ ತೆಗೆದ ರಕ್ತದಲ್ಲಿ ರೋಗಾಣು ಕಾಣದಿದ್ದಾಗಲೂ ಮಾಸಿನಲ್ಲಿ ಅಡಗಿರಬಲ್ಲುದು. ಇದರ ಪರಿಣಾಮವಾಗಿ ಗರ್ಭಪಾತ, ದಿನ ತುಂಬದ ಹೆರಿಗೆ, ಕೂಸು ಹೊಟ್ಟೆಯಲ್ಲಿಯೇ ಅಸುನೀಗುವುದು, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟುವುದು ಮುಂತಾದ ಅನಾಹುತಗಳು ಆಗುತ್ತವೆ. ತಾಯಿಗಾದರೋ ತೀವ್ರ ರಕ್ತಹೀನತೆ, ರಕ್ತದಲ್ಲಿ ಸಕ್ಕರೆ ಅಂಶ ಏಕಾಏಕಿ ಇಳಿಯುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಒದಗಬಹುದು. ಕಬ್ಬಿಣಾಂಶದ ಕೊರತೆಯಿಂದ ಮೊದಲೇ ರಕ್ತ ಕಡಿಮೆಯಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಗಾಯದ ಮೇಲೆ ಬರೆ. ಅಂಥವರಿಗೆ ಹೆರಿಗೆಯ ಹೊತ್ತಿನ ಅಲ್ಪ ರಕ್ತಸ್ರಾವವೂ ಪ್ರಾಣಾಪಾಯವನ್ನು ತರಬಲ್ಲುದು.

ರೋಗ ಇಳಿದಿದೆ, ಎಚ್ಚರ ಇಳಿಯಬಾರದು

"ಈಗೆಲ್ಲಿದೆ ಮಲೇರಿಯಾ? ಅದು ನಮ್ಮ ಅಜ್ಜನ ಕಾಲದ ಮಾತು" ಎಂದು ಕೆಲವರು ಕೇಳಬಹುದು. ರೋಗ ಬಹಳ ಇಳಿದಿರುವುದು ನಿಜ ಮತ್ತು ಸಂತಸದ ಸಂಗತಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. ಮಲೆನಾಡಿನಲ್ಲಿ ಚಳಿಜ್ವರಕ್ಕೆ ಅಂಜಿ ಜನ ಊರು ಬಿಟ್ಟ ಕಥೆಗಳು ಇನ್ನೂ ಉಳಿದಿವೆ. ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿರುವ ಅಂದಿನ ಇರ್ವಿನ್ ನಾಲೆಯ ನೀರು ಹರಿದಾಗ ಮಂಡ್ಯದ ಸೀಮೆಗೆ ಬೆಳೆಯೂ ಬಂತು, ಜೊತೆಗೆ ಮಲೇರಿಯಾವೂ ಬಂತು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ೧೯೬೦ರ ದಶಕದ ನಡುವೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಕೈ ಸಡಿಲಿಸಿದೆವು. ೧೯೭೬ರಲ್ಲಿ ಅದೇ ರೋಗ ಅರವತ್ತು ಲಕ್ಷ ಮೀರಿ ತಿರುಗಿ ಬಂತು. ಈ ಪಾಠವನ್ನು ಮರೆಯುವಂತಿಲ್ಲ.

ನಮ್ಮ ರಾಜ್ಯದಲ್ಲಿ ೨೦೧೦ರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಈಚಿನ ವರ್ಷಗಳಲ್ಲಿ ಅದು ಕೆಲವು ನೂರುಗಳಿಗೆ ಬಂದಿದೆ. ೨೦೩೦ರೊಳಗೆ ದೇಶದಿಂದ ಮಲೇರಿಯಾವನ್ನು ತೊಲಗಿಸುವ ಸಂಕಲ್ಪ ಸರಕಾರದ್ದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ರೋಗ ಹೆಚ್ಚಾಗಿರುವ ಸೀಮೆಯಲ್ಲಿ ಬಾಲ್ಯದಿಂದಲೂ ಮತ್ತೆ ಮತ್ತೆ ಜ್ವರ ಬಂದವರ ದೇಹದಲ್ಲಿ ಒಂದಿಷ್ಟು ಪ್ರತಿರೋಧ ಬೆಳೆದಿರುತ್ತದೆ. ರೋಗ ಅಪರೂಪವಾದ ನಮ್ಮಂಥ ಊರಿನ ಹೆಣ್ಣುಮಕ್ಕಳಿಗೆ ಆ ಕವಚವಿಲ್ಲ. ಅವರಿಗೆ ಬರುವ ಒಂದೇ ಒಂದು ಜ್ವರ ಬಲವಾಗಿಯೇ ಬರುತ್ತದೆ.

ನಮ್ಮ ಬಾಗಲಕೋಟೆ, ಕೊಪ್ಪಳ, ರಾಯಚೂರು, ವಿಜಯಪುರ ಸೀಮೆಗಳಿಂದ ಎಷ್ಟೋ ಕುಟುಂಬಗಳು ಕಾಯಕವನ್ನು ಅರಸಿ ಮಂಗಳೂರಿಗೂ ಗೋವೆಗೂ ಹೋಗುತ್ತವೆ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಬಹುಕಾಲ ದಕ್ಷಿಣ ಕನ್ನಡದ್ದೇ, ಅದರಲ್ಲಿಯೂ ಮಂಗಳೂರು ನಗರದ್ದೇ ಆಗಿತ್ತು. ಅಲ್ಲಿಯ ಸೊಳ್ಳೆ ಕೊಳಚೆಯದಲ್ಲ. ಕಾಂಕ್ರೀಟು ಹದವಾಗಲೆಂದು ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟಾಕಿ, ಬಾವಿ, ತಾರಸಿಯ ಮೇಲೆ ನಿಂತ ಮಳೆನೀರು ಮುಂತಾದ ತಿಳಿನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಕಟ್ಟಡ ಕಟ್ಟುವವರು ಆ ಕಟ್ಟಡದ ಪಕ್ಕದ ಶೆಡ್ಡಿನಲ್ಲಿಯೇ ಮಲಗುವುದರಿಂದ ಮೊದಲ ಕಡಿತ ಅವರಿಗೇ. ಹಬ್ಬ ಜಾತ್ರೆಗಳಿಗೆಂದು ಅವರು ಊರಿಗೆ ಮರಳುವಾಗ ರಕ್ತದಲ್ಲಿ ರೋಗಾಣುವೂ ಬರಬಹುದು. ಊರಿನ ಕಾಲುವೆ, ಹಳ್ಳ, ಗದ್ದೆಗಳ ನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಇಲ್ಲಿಯೂ ಕಾದೇ ಇರುತ್ತದೆ. ಆದ್ದರಿಂದ ದುಡಿಯಲು ಹೋಗುವ ಬಸುರಿಯ ಗಂಟಿನಲ್ಲಿ ರೊಟ್ಟಿ, ಹಿಂಡಿಗಳ ಜೊತೆಗೆ ಒಂದು ಪರದೆಯೂ ಇರಲಿ.

ಕುಬುಸದವರೆಗೆ ಕಾಯುವುದೇಕೆ?

ನಮ್ಮ ಸೀಮೆಯಲ್ಲಿ ಬಸುರಿಗೆ ಸಲ್ಲುವ ಉಪಚಾರಗಳೆಲ್ಲ ಕುಬುಸದ ಹೊತ್ತಿಗೆ ಕೂಡಿಬರುತ್ತವೆ. ಐದರಲ್ಲಿಯೋ ಏಳರಲ್ಲಿಯೋ ಉಡಿ ತುಂಬಿ, ಹಸಿರು ಬಳೆ ತೊಡಿಸಿ, ಬಯಸಿದ ಅಡಿಗೆಗಳನ್ನು ಮಾಡಿ ಬಡಿಸುತ್ತೇವೆ. ಈ ಸಂಪ್ರದಾಯ ಸುಂದರವಾದದ್ದು. ಹೆಣ್ಣುಮಗಳ ಮನಸ್ಸಿಗೆ ಧೈರ್ಯ ಕೊಡುವಂಥದು. ಆದರೆ ಮೊದಲ ಮೂರು ತಿಂಗಳು ಸುದ್ದಿಯನ್ನೇ ಹೊರಗೆ ಹಾಕದ ರೂಢಿ ಅನೇಕ ಮನೆಗಳಲ್ಲಿದೆ. ದೃಷ್ಟಿ ತಾಗೀತೆಂಬ ಅಂಜಿಕೆ ಒಂದು ಕಡೆ, ಬಸುರು ನಿಲ್ಲುವುದೋ ಇಲ್ಲವೋ ಎಂಬ ಅಳುಕು ಇನ್ನೊಂದು ಕಡೆ. ಹೀಗಾಗಿ ಆಶಾ ಕಾರ್ಯಕರ್ತೆಗೂ ತಿಳಿಸುವುದಿಲ್ಲ, ತಾಯಿ ಕಾರ್ಡನ್ನೂ ಮಾಡಿಸುವುದಿಲ್ಲ, ರಕ್ತವನ್ನೂ ಪರೀಕ್ಷಿಸುವುದಿಲ್ಲ. ಹುಡುಗಿ ಎಂದಿನಂತೆ ಮಾಳಿಗೆಯ ಮೇಲೆಯೋ ಪಡಸಾಲೆಯಲ್ಲಿಯೋ ಬರಿಮೈಯಲ್ಲಿ ಸೊಳ್ಳೆಗೆ ಒಡ್ಡಿಕೊಂಡು ಮಲಗುತ್ತಾಳೆ.

ಕೂಸಿನ ಅಂಗಾಂಗಗಳು ರೂಪುಗೊಳ್ಳುವುದೂ ಮಾಸು ಬೇರೂರುವುದೂ ಇದೇ ಮುಚ್ಚಿಟ್ಟ ತಿಂಗಳುಗಳಲ್ಲಿ. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಗಡಿಯ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಸುರಿಯರ ದಾಖಲೆಗಳನ್ನು ಇಟ್ಟ ವೈದ್ಯರು ೨೦೧೨ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಮೊದಲ ಮೂರು ತಿಂಗಳಲ್ಲಿ ಮಲೇರಿಯಾ ತಗುಲಿದರೆ, ಜ್ವರದ ಲಕ್ಷಣ ಹೊರಗೆ ಕಾಣದಿದ್ದಾಗಲೂ, ಗರ್ಭಪಾತದ ಸಂಭವ ಎರಡು ಪಟ್ಟಿಗೂ ಮಿಕ್ಕಿ ಏರಿತ್ತು. ಜ್ವರವಿದ್ದವರಲ್ಲಿ ಇನ್ನೂ ಹೆಚ್ಚಾಗಿತ್ತು. ಹಾಗಾದರೆ ಸುದ್ದಿಯನ್ನು ಕಾಪಾಡಲು ಹೋಗಿ ಬಸುರನ್ನೇ ಕಾಪಾಡದೆ ಹೋದಂತಾಗುವುದಿಲ್ಲವೇ?

ಊರಿಗೆಲ್ಲ ಹೇಳಬೇಕೆಂದು ನಾವು ಹೇಳುತ್ತಿಲ್ಲ. ರೂಢಿ ರೂಢಿಯ ಜಾಗದಲ್ಲಿರಲಿ. ಆದರೆ ಗಂಡನಿಗೆ, ಅತ್ತೆಗೆ, ಆಶಾ ಕಾರ್ಯಕರ್ತೆಗೆ ತಿಳಿದಿರಲೇಬೇಕು. ಪರದೆ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡ, ಮುಹೂರ್ತವೂ ಬೇಡ. ಮನೆಯ ಹಿರಿಯರೆಲ್ಲರೂ ಪರದೆಯೊಳಗೆ ಮಲಗುವ ರೂಢಿಯಾದರೆ ಸೊಸೆಯೊಬ್ಬಳಿಗೆ ಕಟ್ಟಿದ್ದೇಕೆಂದು ನೆರೆಹೊರೆಯವರು ಕೇಳುವ ಪ್ರಸಂಗವೇ ಬರುವುದಿಲ್ಲ.

ಪರದೆಯ ಗುಣ, ಕಟ್ಟುವ ಕ್ರಮ

ಸಾದಾ ಪರದೆ ಸೊಳ್ಳೆಯನ್ನು ಹೊರಗೆ ತಡೆಯುತ್ತದೆ ಅಷ್ಟೆ. ಕೈ ಪರದೆಗೆ ತಾಗಿದಲ್ಲಿ ಹೊರಗಿನಿಂದಲೇ ಕಚ್ಚಬಹುದು. ಸಣ್ಣ ಹರುಕಿನಲ್ಲಿ ನುಸುಳಬಹುದು. ಕೀಟನಾಶಕವನ್ನು ನೂಲಿನಲ್ಲಿಯೇ ಸೇರಿಸಿ ನೇಯ್ದ ದೀರ್ಘಬಾಳಿಕೆಯ ಪರದೆಯಾದರೆ, ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ. ಅದರಿಂದ ಮಲಗಿದವಳಿಗೂ ರಕ್ಷಣೆ, ಮನೆಯ ಉಳಿದವರಿಗೂ ಒಂದಿಷ್ಟು ಲಾಭ. ಸುಮಾರು ಇಪ್ಪತ್ತು ಸಲ ತೊಳೆಯುವವರೆಗೆ, ಅಂದರೆ ಜೋಪಾನ ಮಾಡಿದರೆ ಮೂರು ವರ್ಷದವರೆಗೆ, ಔಷಧದ ಗುಣ ಉಳಿಯುವಂತೆ ಇವುಗಳನ್ನು ತಯಾರಿಸಲಾಗಿರುತ್ತದೆ. ರೋಗ ಹೆಚ್ಚಿರುವ ಊರುಗಳಲ್ಲಿ ಸರಕಾರವೇ ಇವನ್ನು ಉಚಿತವಾಗಿ ಹಂಚುತ್ತದೆ. ನಿಮ್ಮ ಊರಿನಲ್ಲಿ ಸಿಗುವುದೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಇಂಥ ಪರದೆ ಸಿಗದಿದ್ದರೆ ಸಾದಾ ಪರದೆಯನ್ನಾದರೂ ಕಟ್ಟಿರಿ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ಮೇಲು.

ಇದರ ಫಲವನ್ನು ಅಳೆದು ನೋಡಲಾಗಿದೆ. ಆಫ್ರಿಕಾ ಖಂಡದಲ್ಲಿ ಬಸುರಿಯರ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಔಷಧಿಯುಕ್ತ ಪರದೆ ಬಳಸಿದವರ ಮೊದಲ ನಾಲ್ಕು ಬಸುರುಗಳಲ್ಲಿ ಗರ್ಭ ನಷ್ಟವಾಗುವುದು ಸುಮಾರು ಮೂರನೆಯ ಒಂದು ಪಾಲು ತಗ್ಗಿತ್ತು. ಕಡಿಮೆ ತೂಕದ ಕೂಸು ಹುಟ್ಟುವುದು ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ತಗ್ಗಿತ್ತು. ನಮ್ಮ ದೇಶದಲ್ಲಿಯೇ ಒಡಿಶಾ ರಾಜ್ಯ ೨೦೧೭ರಲ್ಲಿ ಸುಮಾರು ಒಂದು ಕೋಟಿಗೂ ಹೆಚ್ಚು ಪರದೆಗಳನ್ನು ಹಂಚಿ, ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿಹಳ್ಳಿಯಲ್ಲಿ ರಕ್ತಪರೀಕ್ಷೆ ಮತ್ತು ಚಿಕಿತ್ಸೆಯನ್ನು ನಡೆಸಿತು. ಮರುವರ್ಷ ಅಲ್ಲಿಯ ಪ್ರಕರಣಗಳು ಶೇಕಡಾ ೮೦ಕ್ಕಿಂತ ಹೆಚ್ಚು ಇಳಿದವು. ಕಾಡು ಗುಡ್ಡಗಳ ಬಡ ಜನರಿಂದ ಆದದ್ದು ನಮ್ಮಿಂದ ಆಗದೇ?

ಪರದೆಯನ್ನು ಕಟ್ಟಿ ಬಳಸುವಾಗ ಈ ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು.

೧. ಔಷಧಿಯುಕ್ತ ಹೊಸ ಪರದೆಯನ್ನು ಪೊಟ್ಟಣದಿಂದ ತೆಗೆದು ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಹರವಿ, ಬಳಿಕ ಬಳಸಿರಿ. ಬಿಸಿಲಿಗೆ ಹಾಕಬಾರದು, ಬಿಸಿಲು ಔಷಧದ ಶಕ್ತಿಯನ್ನು ತಿನ್ನುತ್ತದೆ.

೨. ನಾಲ್ಕು ಮೂಲೆಗಳನ್ನು ಗೋಡೆಯ ಮೊಳೆಗೋ ಜಂತಿಗೋ ಹೊರಸಿನ ಕಾಲಿಗೆ ಬಿಗಿದ ಕೋಲಿಗೋ ಕಟ್ಟಿರಿ. ಕೆಳಗಿನ ಅಂಚನ್ನು ಹಾಸಿಗೆಯ ಅಥವಾ ಚಾಪೆಯ ಅಡಿಗೆ ಸುತ್ತಲೂ ಸೇರಿಸಿರಿ. ನೆಲಕ್ಕೆ ಮುಟ್ಟದೆ ಜೋತಾಡುವ ಪರದೆ ಬಾಗಿಲಿಲ್ಲದ ಮನೆಯಂತೆ.

೩. ಕತ್ತಲಾಗುವ ಮೊದಲೇ ಪರದೆಯನ್ನು ಇಳಿಸಿ, ಒಳಗೆ ಸೊಳ್ಳೆ ಉಳಿದಿಲ್ಲವೆಂದು ನೋಡಿರಿ. ನಸುಕಿನಲ್ಲಿ ಎದ್ದ ಮೇಲೆ ಮೇಲಕ್ಕೆ ಸುತ್ತಿ ಗಂಟು ಹಾಕಿರಿ. ಹಗಲಿನಲ್ಲಿ ಬಸುರಿ ಅಡ್ಡಾಗುವಾಗಲೂ ಪರದೆಯೊಳಗಿದ್ದರೆ ಡೆಂಗಿಯ ಸೊಳ್ಳೆಯಿಂದಲೂ ರಕ್ಷಣೆ.

೪. ತೀರ ಮಾಸಿದಾಗ ಮಾತ್ರ, ಸೌಮ್ಯವಾದ ಸಾಬೂನು ಮತ್ತು ತಣ್ಣೀರಿನಲ್ಲಿ ಮೆತ್ತಗೆ ಹಿಂಡಿ ನೆರಳಿಗೆ ಒಣಗಿಸಿರಿ. ಬಂಡೆಗೆ ಬಡಿಯಬೇಡಿರಿ. ತೊಳೆದ ನೀರನ್ನು ಕೆರೆ, ಹಳ್ಳ, ಬಾವಿಗಳಿಗೆ ಸೇರಿಸಬೇಡಿರಿ. ಅದು ಮೀನುಗಳಿಗೆ ವಿಷ.

೫. ಹರಿದಲ್ಲಿ ಆ ದಿನವೇ ಸೂಜಿ ದಾರದಿಂದ ಹೊಲಿಯಿರಿ. ಪರದೆಯನ್ನು ಕಾಳು ಮುಚ್ಚಲು, ಮೀನು ಹಿಡಿಯಲು, ಕಾಯಿಪಲ್ಲೆಯ ಮಡಿಗೆ ಬೇಲಿಯಾಗಿ ಬಳಸುವುದು ಬೇಡ.

ಔಷಧಿಯುಕ್ತ ಪರದೆಯಿಂದ ಹೊಟ್ಟೆಯ ಕೂಸಿಗೆ ತೊಂದರೆಯಾದೀತೆಂಬ ಅಂಜಿಕೆ ಹಲವರಲ್ಲಿದೆ. ಅದರಲ್ಲಿರುವ ಔಷಧದ ಪ್ರಮಾಣ ಬಹಳ ಅಲ್ಪ. ಬಸುರಿಯರಿಗೂ ಹಸುಗೂಸುಗಳಿಗೂ ಇದು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಸಲಹೆ ಮಾಡುತ್ತದೆ. ಮೊದಲ ಒಂದೆರಡು ದಿನ ಮುಖ ತುಸು ಚುರುಗುಟ್ಟಿದರೆ ತಾನೇ ಇಳಿಯುತ್ತದೆ. ಶೆಖೆಯಾಗುತ್ತದೆಂಬುದು ಎರಡನೆಯ ದೂರು. ಅದು ನಿಜವೇ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆಯೇ ನಾಲ್ಕು ಕೋಲು ನಿಲ್ಲಿಸಿ ಪರದೆ ಕಟ್ಟಿಕೊಟ್ಟರೆ ಗಾಳಿಯೂ ಉಂಟು, ರಕ್ಷಣೆಯೂ ಉಂಟು. ಕೋಣೆಯ ಬಾಗಿಲು ಮುಚ್ಚಿ ಸೊಳ್ಳೆಬತ್ತಿಯನ್ನೋ ಬೇವಿನ ಹೊಗೆಯನ್ನೋ ರಾತ್ರಿಯಿಡೀ ಹಾಕುವುದು ಪರದೆಗೆ ಬದಲಿಯಲ್ಲ. ಆ ಹೊಗೆ ಬಸುರಿಯ ಉಸಿರಿಗೂ ಒಳ್ಳೆಯದಲ್ಲ.

ಜ್ವರ ಬಂದರೆ ಮಾಡಬೇಕಾದುದು

ಪರದೆ ಕಟ್ಟಿದ ಮೇಲೂ ಜ್ವರ ಬರಬಾರದೆಂದೇನೂ ಇಲ್ಲ. ಬಸುರಿಗೆ ಜ್ವರ ಬಂದರೆ ಅದನ್ನು ಬಯಕೆಯ ಸಂಕಟವೆಂದೋ ಮಳೆಯ ನೆಗಡಿಯೆಂದೋ ಊಹಿಸಿ ಕೂರಬಾರದು. ಎಲ್ಲರಲ್ಲಿಯೂ ಚಳಿ, ನಡುಕ ಬರುವುದೂ ಇಲ್ಲ. ತಲೆನೋವು, ವಾಂತಿ, ಕಾರಣವಿಲ್ಲದ ದಣಿವು, ಮುಖ ಬಿಳಿಚುವುದು ಇಷ್ಟೇ ಇದ್ದಾಗಲೂ ರಕ್ತ ಪರೀಕ್ಷಿಸಬೇಕು. ಬೆರಳ ತುದಿಯ ಹನಿ ರಕ್ತದಿಂದ ಮಾಡುವ ಪಟ್ಟಿಯ ಪರೀಕ್ಷೆ ಹದಿನೈದು ಇಪ್ಪತ್ತು ನಿಮಿಷಗಳ ಕೆಲಸ; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಹೊರ ಊರಿನಲ್ಲಿ ದುಡಿದು ಬಂದವಳಾದರೆ ಆ ಊರಿನ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅರ್ಧ ರೋಗನಿರ್ಣಯ ಆ ಒಂದು ಮಾತಿನಲ್ಲಿರುತ್ತದೆ.

ಬಸುರಿಗೆ ಯಾವ ಮಾತ್ರೆಯನ್ನೂ ಕೊಡಬಾರದೆಂದು ಹೆದರುವವರಿದ್ದಾರೆ; ಕಂಡ ಮಾತ್ರೆಯನ್ನೆಲ್ಲ ಕೊಡುವವರೂ ಇದ್ದಾರೆ. ಎರಡೂ ತಪ್ಪು. ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನ ಕೊಡುವ ಕ್ಲೋರೋಕ್ವಿನ್ ಬಸುರಿನಲ್ಲಿಯೂ ನಿರಪಾಯಕರ. ಫಾಲ್ಸಿಪಾರಂಗೆ ಯಾವ ಔಷಧವೆಂಬುದನ್ನು ತಿಂಗಳನ್ನು ನೋಡಿ ವೈದ್ಯರು ನಿಶ್ಚಯಿಸುತ್ತಾರೆ. ಯಕೃತ್ತಿನಲ್ಲಿ ಅಡಗಿದ ವೈವಾಕ್ಸನ್ನು ಕೊಲ್ಲುವ ಪ್ರೈಮಾಕ್ವಿನ್ ಎಂಬ ಹದಿನಾಲ್ಕು ದಿನಗಳ ಮಾತ್ರೆಯನ್ನು ಮಾತ್ರ ಬಸುರಿಯರಿಗೆ ಕೊಡಲೇಬಾರದು. ಅದು ಗರ್ಭದ ಕೂಸಿನ ರಕ್ತಕಣಗಳನ್ನು ಒಡೆಯಬಲ್ಲುದು. ಮನೆಯಲ್ಲಿ ಬೇರೊಬ್ಬರಿಗೆ ಕೊಟ್ಟು ಉಳಿದ ಮಾತ್ರೆಯನ್ನು ಬಸುರಿಗೆ ನುಂಗಿಸುವುದು ಈ ಕಾರಣಕ್ಕೆ ಅಪಾಯಕರ. ಆ ಔಷಧ ಬಾಕಿ ಉಳಿದಿರುವುದರಿಂದ ಜ್ವರ ಮರುಕಳಿಸಬಹುದೆಂಬುದನ್ನು ನೆನಪಿಡಬೇಕು. ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿ, ಹೆರಿಗೆಯ ಬಳಿಕ ವೈದ್ಯರನ್ನು ಮತ್ತೆ ಕಾಣಬೇಕು.

ಅತಿಯಾದ ನಿದ್ದೆ ಅಥವಾ ಮಂಪರು, ಫಿಟ್ಸು, ಉಸಿರಾಟದ ತೊಂದರೆ, ಮೂತ್ರ ಕಪ್ಪಾಗುವುದು ಅಥವಾ ನಿಲ್ಲುವುದು, ಕೂಸಿನ ಅಲುಗಾಟ ಕಡಿಮೆಯಾಗುವುದು, ರಕ್ತ ಕಾಣಿಸುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ತಿಂಗಳ ೯ನೆಯ ತಾರೀಖು ಬಸುರಿಯರಿಗೆ ವಿಶೇಷ ಉಚಿತ ತಪಾಸಣೆ ನಡೆಯುತ್ತದೆ, ಅದನ್ನು ತಪ್ಪಿಸಬೇಡಿರಿ.

ಮನೆಯ ಸುತ್ತಲಿನ ನೀರು

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ಹರವಿ, ಬಾನಿ, ಟಾಕಿಗಳನ್ನು ಬರಿದು ಮಾಡಿ ತಿಕ್ಕಿ ಒಣಗಿಸಿದರೆ ಆ ಸಂತತಿ ಅಲ್ಲಿಗೆ ಮುಗಿಯಿತು. ಟಾಕಿಗೆ ಮುಚ್ಚಳ, ಬಸಿಗಾಲುವೆಗೆ ಹರಿವು, ಹಳೆಯ ಟಯರುಗಳಿಗೆ ವಿದಾಯ. ಇಷ್ಟು ಪ್ರತಿ ಮನೆಯ ಕರ್ತವ್ಯ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನನ್ನು ಬಿಟ್ಟು ಸೊಳ್ಳೆಯ ಮರಿಗಳನ್ನು ತಿನ್ನಿಸಿ ಮಲೇರಿಯಾವನ್ನು ಹತೋಟಿಗೆ ತಂದ ಉದಾಹರಣೆ ನಮ್ಮ ನಾಡಿನದೇ. ಬಳಕೆಯಿಲ್ಲದ ಬಾವಿ, ಹೊಂಡಗಳಿಗೆ ಈ ಮೀನು ಬೇಕಾದರೆ ಆರೋಗ್ಯ ಕೇಂದ್ರದವರನ್ನು ಕೇಳಬಹುದು. ದನದ ಕೊಟ್ಟಿಗೆಯಲ್ಲಿ ಅನಾಫಿಲಿಸ್ ಹಗಲು ಅಡಗಿರುವುದರಿಂದ ಬಸುರಿಯ ಹಾಸಿಗೆ ಅದರಿಂದ ದೂರವಿರಲಿ.

ಮನೆಯವರ ಹೊಣೆ

ಶಿಬಿರಕ್ಕೆ ಬಂದಿದ್ದ ಆ ಮಗಳಿಗೆ ಅಂದೇ ಚಿಕಿತ್ಸೆ ಆರಂಭವಾಯಿತು. ಮೂರು ದಿನದಲ್ಲಿ ಜ್ವರ ಇಳಿಯಿ‌ತಾದರೂ ರಕ್ತದ ಕೊರತೆ ನೀಗಲು ತಿಂಗಳುಗಳೇ ಬೇಕಾದವು. ಕಾರ್ತಿಕದಲ್ಲಿ, ದಿನ ತುಂಬುವ ಮೊದಲೇ, ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು, ತೂಕ ಒಂದು ಕಿಲೋ ಎಂಟುನೂರು ಗ್ರಾಂ. ಮೂರು ವಾರ ನವಜಾತ ಶಿಶುಗಳ ವಿಭಾಗದಲ್ಲಿದ್ದು ಬದುಕಿ ಮನೆಗೆ ಬಂದಿತು. ಕೂಸು ಬೇಗ ಹುಟ್ಟಿದ್ದಕ್ಕೆ ಆ ಜ್ವರವೊಂದೇ ಕಾರಣವೆಂದು ನಾವು ಖಚಿತವಾಗಿ ಹೇಳಲಾರೆವು. ಆದರೆ ತಡೆಯಬಹುದಾಗಿದ್ದ ಒಂದು ಕಾರಣ ಟ್ರಂಕಿನೊಳಗಿನ ಪರದೆಯ ಪಕ್ಕದಲ್ಲಿಯೇ ಇತ್ತೆಂಬುದನ್ನು ಅಲ್ಲಗಳೆಯಲಾರೆವು.

ಬಸುರಿಯ ಪರದೆಯನ್ನು ಬಸುರಿಯೇ ಕಟ್ಟಿಕೊಳ್ಳಲೆಂದು ಬಿಡುವುದು ತಕ್ಕದ್ದಲ್ಲ. ಹೊಸ ಸೊಸೆ "ನನಗೊಂದು ಪರದೆ ಬೇಕು" ಎಂದು ಕೇಳುವಷ್ಟು ಸಲಿಗೆ ಎಷ್ಟು ಮನೆಗಳಲ್ಲಿದೆ? ಪರದೆ ಇದ್ದ ಮನೆಗಳಲ್ಲಿಯೂ ಅದರೊಳಗೆ ಯಜಮಾನರು ಮಲಗಿ, ಸೊಸೆ ಅಡಿಗೆಮನೆಯ ನೆಲದಲ್ಲಿ ಮಲಗುವುದನ್ನು ನಾವು ಕಂಡಿದ್ದೇವೆ. ಮೊಳೆ ಹೊಡೆಯುವುದು ಗಂಡನ ಕೆಲಸವಾಗಲಿ. ಸಂಜೆ ಪರದೆ ಇಳಿಸುವುದನ್ನು ಅತ್ತೆ ನೆನಪಿಡಲಿ. ಕೂಸಿಗೆಂದು ತಾಯಿ ಕೊಂಡ ಪರದೆ ಮಗಳು ಬಸುರಾದ ಸುದ್ದಿ ಬಂದ ದಿನವೇ ಅವಳ ಕೈ ಸೇರಲಿ. ಕೂಸು ಹುಟ್ಟಿದ ಮೇಲೆ ತಾಯಿ ಮಗು ಇಬ್ಬರೂ ಅದರೊಳಗೇ ಮಲಗುತ್ತಾರೆ, ಪರದೆ ಹಳತಾಗುವುದಿಲ್ಲ.

ಈ ಸಂಚಿಕೆಯನ್ನು ಓದಿದ ಸದ್ಭಕ್ತರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಬಸುರಿ ಹೆಣ್ಣುಮಗಳಿದ್ದರೆ, ಇಂದು ಕತ್ತಲಾಗುವ ಮೊದಲು ಅವಳು ಮಲಗುವ ಜಾಗವನ್ನು ಒಮ್ಮೆ ನೋಡಿ ಬನ್ನಿರಿ. ಪರದೆ ಇಲ್ಲವಾದರೆ ಕಟ್ಟಿಕೊಡಿರಿ. ಪೆಟ್ಟಿಗೆಯಲ್ಲಿದ್ದರೆ ಹೊರಗೆ ತೆಗೆಯಿರಿ.